ಮಲ್ಪೆ ಬಂದರಿನವರಿಗೆ ಜೀತ ಗುರುತಿಸುವ ತರಬೇತಿ: ಅರ್ಧ ದಿನದಲ್ಲಿ ಏನು ಕಲಿಸುವುದು?

ಬಂದರು_ತರಬೇತಿ
ಎಲ್ಲರಿಗೂ ನಮಸ್ಕಾರ. ಜೂನ್ 1ರಿಂದ ಜುಲೈ 31ರವರೆಗೆ, ಟ್ರಾಲಿಂಗ್ (ಯಂತ್ರದ ಬೋಟಿನ ಮೀನುಗಾರಿಕೆ) ನಿಷೇಧದ 61 ದಿನಗಳಲ್ಲಿ, ಉಡುಪಿಯ ಮಲ್ಪೆಯಲ್ಲಿ ಅರ್ಧ ದಿನದ ಒಂದು ತರಬೇತಿಗೆ ತಯಾರಿ ನಡೆದಿದೆ. ಬರುವವರು 25 ಜನ. ಐಸ್ ಪ್ಲಾಂಟಿನವರು, ಡೀಸೆಲ್ ಬಂಕಿನವರು, ಮೀನು ಏಲಂನವರು, ರಿಕ್ಷಾದವರು, ದಿನಸಿ ಅಂಗಡಿಯವರು, ಇಬ್ಬರು ಆಶಾ ಕಾರ್ಯಕರ್ತೆಯರು. ವಿಷಯ ಜೀತ ಮತ್ತು ಬಲವಂತದ ದುಡಿಮೆ. ಈಗಿರುವ ಕರಡು ಹೀಗೆ: ಮೊದಲ ಒಂದು ಗಂಟೆ ಕಾಯ್ದೆ, ಆಮೇಲೆ ಅರ್ಧ ಗಂಟೆ ವಿಡಿಯೊ, ಚಹಾ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಪಟ್ಟಿ ಮಾಡಿದ 11 ಲಕ್ಷಣಗಳು, ಕೊನೆಗೆ ಪ್ರಶ್ನೋತ್ತರ. ಇದರಲ್ಲಿ ಏನು ಇರಬೇಕು, ಏನು ಬೇಡ? ಈ ಕೆಲಸ ಗೊತ್ತಿರುವವರು ಮುಚ್ಚುಮರೆ ಇಲ್ಲದೆ ಹೇಳಿ.

ಲೆಕ್ಕದ_ಚೀಟಿ
ಮೊದಲು ವಿಡಿಯೊ ತೆಗೆಯಿರಿ. ಸರಪಳಿ, ಕತ್ತಲೆ ಕೋಣೆ, ಅಳುವ ಮುಖ ತೋರಿಸಿದರೆ ಬಂದವರು ಮರುದಿನದಿಂದ ಸರಪಳಿಯನ್ನೇ ಹುಡುಕುತ್ತಾರೆ. ಬಂದರಿನಲ್ಲಿ ಜೀತದಲ್ಲಿರುವವನ ಕೈಯಲ್ಲಿ ಮೊಬೈಲ್ ಇರುತ್ತದೆ. ಸಂಜೆ ಅಂಗಡಿಗೆ ಬಂದು ಬೀಡಿ, ಸಾಬೂನು ತೆಗೆದುಕೊಳ್ಳುತ್ತಾನೆ, ನಗುತ್ತಾನೆ ಕೂಡ. ಅವನಿಗೆ ಆಗದ್ದು ಒಂದೇ, ಕೆಲಸ ಬಿಟ್ಟು ಹೋಗುವುದು. ಹಾಗಾಗಿ ಇಡೀ ತರಬೇತಿಯನ್ನು ಒಂದು ಪ್ರಶ್ನೆಯ ಸುತ್ತ ಕಟ್ಟಿ: "ಇವನು ನಾಳೆ ಬೆಳಿಗ್ಗೆ ಊರಿಗೆ ಹೊರಟರೆ ಎಂತ ಆಗ್ತದೆ?"

11 ಲಕ್ಷಣಗಳನ್ನು ಓದಿ ಹೇಳಬೇಡಿ. ಬದಲಿಗೆ ಐದೈದು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಲೆಕ್ಕದ ಹಾಳೆ ಕೊಡಿ. ಅಂಗಡಿಯವರಿಗೂ ಏಲಂನವರಿಗೂ ಲೆಕ್ಕ ಚೆನ್ನಾಗಿ ಗೊತ್ತು, ಕಾನೂನಿಗಿಂತ ಬೇಗ ಅದರೊಳಗೆ ಇಳಿಯುತ್ತಾರೆ. ಅಭ್ಯಾಸಕ್ಕಾಗಿ ಕಟ್ಟಿದ ಒಂದು ಹಾಳೆ ಇಲ್ಲಿದೆ, ಅಂಕಿಗಳು ಕಲ್ಪಿತ.

ಒಪ್ಪಿದ ಸಂಬಳ ತಿಂಗಳಿಗೆ 15,000, ಊಟ ಬೋಟಿನದ್ದೇ. ಊರಲ್ಲಿ ಕೊಟ್ಟ ಮುಂಗಡ 40,000. ನಾಲ್ಕು ತಿಂಗಳ ದುಡಿಮೆ 60,000. ಜ್ವರದಿಂದ ಆರು ದಿನ ಮಲಗಿದ್ದಕ್ಕೆ 3,000 ಕಡಿತ, ಉಳಿದದ್ದು 57,000. ಈಗ ಅವನ ಹೆಸರಿನಲ್ಲಿ ಬರೆದ ಖರ್ಚು ನೋಡಿ. ಮುಂಗಡ 40,000, ರೈಲು ಖರ್ಚು 3,500, ಕರೆತಂದ ಸರ್ದಾರನ ಕಮಿಷನ್ 5,000, ವಾರಕ್ಕೆ 500ರಂತೆ 17 ವಾರದ ಖರ್ಚಿ (ಕೈಖರ್ಚಿನ ಹಣ) 8,500, ಜ್ವರದ ದಿನಗಳ ಊಟಕ್ಕೆ 1,800, ವಿಂಚಿಗೆ (ಬಲೆ ಎಳೆಯುವ ಯಂತ್ರ) ಬೆರಳು ಸಿಕ್ಕಿದಾಗ ಆಸ್ಪತ್ರೆಗೆ 7,800, ಹರಿದ ಬಲೆಗೆ ಅವನ ಪಾಲು 4,000. ಒಟ್ಟು 70,600. ನಾಲ್ಕು ತಿಂಗಳು ಕಡಲಲ್ಲಿ ದುಡಿದವನು 13,600 ಬಾಕಿದಾರ!

ಗುಂಪಿಗೆ ಕೆಂಪು ಪೆನ್ನು ಕೊಟ್ಟು, ಅವನಿಗೆ ಹೇಳದೆ ಕೇಳದೆ ಹಾಕಿದ ಸಾಲುಗಳನ್ನು ಹೊಡೆಯಲು ಹೇಳಿ. ಕಮಿಷನ್, ಜ್ವರದ ಊಟ, ಆಸ್ಪತ್ರೆ, ಬಲೆ ಸೇರಿ 18,600 ಹೋಗುತ್ತದೆ. ಈಗ ಅವನಿಗೇ 5,000 ಬರಬೇಕು. ರೈಲು ಖರ್ಚಿನ ಬಗ್ಗೆ ಗುಂಪಿನಲ್ಲಿ ಜಗಳ ಆಗುತ್ತದೆ, ಆಗಲಿ. ಆಮೇಲೆ ಹಾಳೆಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿಸಿ: "ಬಾಕಿ ತೀರುವವರೆಗೆ ಹೋಗುವಂತಿಲ್ಲ." ಜೀತ ಅಂದರೆ ಏನೆಂದು ಅಲ್ಲಿಂದ ಶುರು ಮಾಡಿ.

ಗಂಗೊಳ್ಳಿ_ಬೋಟು
ಸ್ವಲ್ಪ ನಿಲ್ಲಿ ಮಾರಾಯ್ರೆ. ಮುಂಗಡ ಕೊಡದೆ ಇವತ್ತು ಒಬ್ಬ ಕಲಾಸಿ, ಅಂದರೆ ಬೋಟಿನ ಕೆಲಸಗಾರ, ಬೋಟು ಹತ್ತುವುದಿಲ್ಲ. ಮಳೆಗಾಲದಲ್ಲಿ ಅವರ ಮನೆ ನಡೆಯುವುದೂ ಅದರಿಂದಲೇ. ಹಣ ತೆಗೆದುಕೊಂಡು ಆಗಸ್ಟಿನಲ್ಲಿ ಬೇರೆ ಬೋಟಿಗೆ ಹೋಗುವವರೂ ಉಂಟು. ಈ ತರಬೇತಿ ಆದ ಮೇಲೆ ರಿಕ್ಷಾದವರೆಲ್ಲ ಎಲ್ಲ ಮಾಲಕರನ್ನೂ ಜೀತಗಾರರನ್ನು ಇಟ್ಟುಕೊಂಡವರ ಹಾಗೆ ನೋಡಿದರೆ ಹೇಗೆ?

ವಕಾಲತ್ತು
ಅಣ್ಣ ಕೇಳಿದ್ದು ನ್ಯಾಯವಾದ ಪ್ರಶ್ನೆ, ತರಬೇತಿಯಲ್ಲಿ ಅದಕ್ಕೆ ನೇರ ಉತ್ತರ ಇರಲೇಬೇಕು. ಮುಂಗಡ ಕೊಡುವುದು ಅಪರಾಧವಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನೋಡುವುದು ಮುಂಗಡದ ಜೊತೆಗೆ ಇನ್ನೇನು ಬಂತು ಎಂಬುದನ್ನು. ಹೆಸರಿಗಷ್ಟೇ ಸಂಬಳ ಅಥವಾ ಸಂಬಳವೇ ಇಲ್ಲ; ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಇಲ್ಲ; ಓಡಾಡುವ ಸ್ವಾತಂತ್ರ್ಯ ಇಲ್ಲ; ತನ್ನ ವಸ್ತುವನ್ನಾಗಲಿ ದುಡಿಮೆಯನ್ನಾಗಲಿ ಮಾರುಕಟ್ಟೆ ದರಕ್ಕೆ ಮಾರುವ ಹಕ್ಕು ಇಲ್ಲ. ಮುಂಗಡದೊಂದಿಗೆ ಇವುಗಳಲ್ಲಿ ಒಂದು ಸೇರಿದರೂ ಸಾಕು, ನಾಲ್ಕೂ ಬೇಕಿಲ್ಲ.

ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು 1982ರಲ್ಲಿ, ಏಷ್ಯನ್ ಗೇಮ್ಸ್ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. 1984ರ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಲವಂತದ ದುಡಿಮೆ ಎಂದು ಕಂಡರೆ ಅದರ ಹಿಂದೆ ಮುಂಗಡ ಇದೆ ಎಂದೇ ಭಾವಿಸಬೇಕು, ಅಲ್ಲ ಎಂದು ತೋರಿಸುವುದು ಮಾಲಕರ ಹೊಣೆ. ಕಾಯ್ದೆಯ 15ನೇ ಸೆಕ್ಷನ್ ಕೂಡ ಸಾಬೀತು ಮಾಡುವ ಭಾರವನ್ನು ಸಾಲ ಕೊಟ್ಟವರ ಮೇಲೇ ಹಾಕುತ್ತದೆ.

ಮುಂಗಡ ತಕ್ಕೊಂಡು ಬೇರೆ ಬೋಟಿಗೆ ಹೋದವನ ಮೇಲೆ ಸಿವಿಲ್ ಕೋರ್ಟಿಗೆ ಹೋಗಬಹುದು. ಅವನನ್ನು ಹಿಡಿದು ತಂದು ಕೂರಿಸುವಂತಿಲ್ಲ, ತಮ್ಮನನ್ನು ಜಾಮೀನಿಗೆ ಇಟ್ಟುಕೊಳ್ಳುವಂತಿಲ್ಲ, ಆಧಾರ್ ಇಟ್ಟುಕೊಳ್ಳುವಂತಿಲ್ಲ. ಇಷ್ಟನ್ನು ಮಾಲಕರಿಗೂ ಸೇರಿಸಿ ಹೇಳಿದರೆ ಅರ್ಧ ವಿರೋಧ ಇಳಿಯುತ್ತದೆ.

ಗಂಗೊಳ್ಳಿ_ಬೋಟು
ಆಧಾರ್ ವಿಷಯ ಅಷ್ಟು ಸುಲಭ ಇಲ್ಲ ವಕೀಲರೇ. ಬೋಟು ಕಡಲಿಗೆ ಹೋದರೆ ಕೋಸ್ಟ್ ಗಾರ್ಡ್, ಕರಾವಳಿ ಕಾವಲು ಪೊಲೀಸರು ತಪಾಸಣೆ ಮಾಡ್ತಾರೆ, ಎಲ್ಲರ ಗುರುತಿನ ಚೀಟಿ ತಾಂಡೇಲನ (ಬೋಟು ನಡೆಸುವವನ) ಹತ್ತಿರ ಒಟ್ಟಿಗೆ ಇರುತ್ತದೆ. ನೀರಿಗೆ ಬಿದ್ದರೆ ಹಾಳು ಅಂತ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಡುವುದು. ಅದನ್ನೂ ಅಪರಾಧ ಅಂತೀರಾ?

ಲೆಕ್ಕದ_ಚೀಟಿ
ಇದು ಒಳ್ಳೆಯ ಮಾತು. ತರಬೇತಿಯ ಕಾರ್ಡಿನಲ್ಲಿ "ದಾಖಲೆ ಮಾಲಕರ ಬಳಿ ಇದೆಯೇ?" ಎಂದಷ್ಟೇ ಬರೆದರೆ ಮಲ್ಪೆಯ ಎಲ್ಲ ಬೋಟಿಗೂ ಹೌದು ಎಂಬ ಉತ್ತರ ಬರುತ್ತದೆ, ಪ್ರಶ್ನೆ ಉಪಯೋಗಕ್ಕಿಲ್ಲದೆ ಹೋಗುತ್ತದೆ. ಹೀಗೆ ಬರೆಯಿರಿ: "ಬೋಟು ದಡಕ್ಕೆ ಬಂದ ದಿನ ಕೇಳಿದರೆ ಚೀಟಿ ಕೈಗೆ ಸಿಗುತ್ತದಾ?" ಸಿಗುತ್ತದೆ ಎಂದಾದರೆ ಅದು ಕಾಪಿಟ್ಟದ್ದು. ಸಿಗುವುದಿಲ್ಲ ಎಂದಾದರೆ ಅದು ಹಿಡಿದಿಟ್ಟದ್ದು. ಆಳ ಸಮುದ್ರದ ಬೋಟು ಹತ್ತು ಹನ್ನೆರಡು ದಿನ ಹೊರಗಿರುವುದೂ ಹಾಗೆಯೇ. ಕಡಲಲ್ಲಿ ಯಾರೂ ಇಳಿದು ಹೋಗಲಾರರು. ನೋಡಬೇಕಾದ್ದು ದಡದ ಎರಡು ದಿನಗಳನ್ನು. ಆಗ ಅವನು ಎಲ್ಲಿ ಮಲಗುತ್ತಾನೆ, ಬೋಟಿನಿಂದ ದೂರ ಹೋಗುವಾಗ ಜೊತೆಗೆ ಯಾರನ್ನಾದರೂ ಕಳಿಸುತ್ತಾರಾ?

ಕೊಡಿಯಾಲ_ಗುಡ್ಡೆ
ಜೀತ ಎಲ್ಲ ಘಟ್ಟದ ಮೇಲಿನ ಕಥೆ ಅಲ್ವಾ? ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಲ್ಲುಂಟು?

ತಹಶೀಲ್_ಕಡತ
ಮೂಲದಾಳು ಪದ್ಧತಿ, ಅಂದರೆ ಒಡೆಯನ ಮನೆಗೆ ವಂಶಪಾರಂಪರ್ಯವಾಗಿ ದುಡಿಯುವುದು, ಇದ್ದದ್ದು ಇದೇ ತುಳುನಾಡಿನಲ್ಲಿ. ಇಲ್ಲಿನ ಬುಡಕಟ್ಟಿನವರಾದ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳ ಹಾಗೆ ಓಡಿಸುವುದು, ಇಂಥ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಪರಿಶಿಷ್ಟ ಜಾತಿ, ಪಂಗಡದವರಿಂದ ಬಿಟ್ಟಿ ಅಥವಾ ಜೀತ ಮಾಡಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್) ಕೂಡ ಬೀಳುತ್ತದೆ. ಈ ಪ್ರಶ್ನೆ ತರಬೇತಿಯಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧ ಇರಲಿ.

ನನ್ನ ಮುಖ್ಯ ಮಾತು ಬೇರೆ. ಗುರುತಿಸುವುದನ್ನು ಎಲ್ಲರೂ ಕಲಿಸುತ್ತಾರೆ. ಗುರುತಿಸಿದ ಮೇಲಿನ ಎರಡು ದಿನಗಳಲ್ಲಿ ಏನು ಮಾಡಬೇಕು ಎಂಬುದನ್ನು ಕಲಿಸುವುದಿಲ್ಲ, ಕೆಲಸ ಹಾಳಾಗುವುದು ಅಲ್ಲೇ. ಅರ್ಧ ದಿನದಲ್ಲಿ ಅರ್ಧ ಭಾಗ ಇದಕ್ಕೇ ಕೊಡಿ.

ಈಗಲೇ ಹೊಡೆಯುತ್ತಿದ್ದಾರೆ, ಕೂಡಿ ಹಾಕಿದ್ದಾರೆ ಎಂದಾದರೆ 112. ಮಗು ಇದ್ದರೆ 1098. ಅಂಥ ತುರ್ತು ಇಲ್ಲದಿದ್ದರೆ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತ ಮಾಹಿತಿ. ಉಡುಪಿ ಜಿಲ್ಲೆಗೆ ಕುಂದಾಪುರದಲ್ಲಿ ಉಪವಿಭಾಗಾಧಿಕಾರಿ ಇದ್ದಾರೆ, ದಕ್ಷಿಣ ಕನ್ನಡಕ್ಕೆ ಮಂಗಳೂರು, ಪುತ್ತೂರು. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕೆಂದು ಕಾಯ್ದೆಯ 13ನೇ ಸೆಕ್ಷನ್ನೇ ಹೇಳುತ್ತದೆ, ಅದರ ಸದಸ್ಯರಿಗೂ ತಿಳಿಸಬಹುದು. ಅರ್ಜಿಯಲ್ಲಿ "ಜೀತ ನಡೆಯುತ್ತಿದೆ" ಎಂದು ಬರೆದು ಬಿಡಬೇಡಿ. ಜಾಗ, ಬೋಟಿನ ನೋಂದಣಿ ಸಂಖ್ಯೆ, ಎಷ್ಟು ಜನ, ಯಾವ ರಾಜ್ಯ, ಯಾವ ಭಾಷೆ, ಹೆಂಗಸರು ಮಕ್ಕಳು ಇದ್ದಾರಾ, ಕರೆತಂದವನು ಯಾರು, ಮುಂಗಡ ಎಷ್ಟು, ಬಿಟ್ಟು ಹೋದರೆ ಏನಾಗುತ್ತದೆ ಎಂದು ಅವರು ಹೇಳಿದರು, ಎಲ್ಲರೂ ಒಟ್ಟಿಗೆ ಸಿಗುವ ಹೊತ್ತು ಯಾವುದು. ಕೊನೆಯದ್ದು ಬಹಳ ಮುಖ್ಯ. ಅಧಿಕಾರಿಗಳು ಬಂದಾಗ ಬೋಟು ಕಡಲಲ್ಲಿದ್ದರೆ ಮಾಲಕರಿಗೆ ಸುದ್ದಿ ಮುಟ್ಟುತ್ತದೆ, ಬೋಟು ವಾಪಸ್ ಬರುವುದರೊಳಗೆ ಎಲ್ಲರಿಗೂ ಹೇಳಿಕೊಟ್ಟ ಉತ್ತರ ಬಾಯಿಪಾಠ ಆಗಿರುತ್ತದೆ.

ಅಧಿಕಾರಿಗಳು ಬಂದ ದಿನ ಒಬ್ಬೊಬ್ಬರ ಹೇಳಿಕೆಯನ್ನೂ ಬೇರೆ ಬೇರೆಯಾಗಿ, ಮಾಲಕರ ಜಾಗದಿಂದ ಹೊರಗೆ ತೆಗೆದುಕೊಳ್ಳಬೇಕು. ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆ) ಸಾಲಾಗಿ ನಿಲ್ಲಿಸಿ "ಯಾರಿಗಾದರೂ ತೊಂದರೆ ಉಂಟಾ?" ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, "ಏನೂ ಇಲ್ಲ" ಎಂದು ಬರೆದುಕೊಂಡು ಕಡತ ಮುಚ್ಚುತ್ತಾರೆ.

ಆಮೇಲೆ ಬಿಡುಗಡೆ ಪ್ರಮಾಣ ಪತ್ರ. ತಲೆಗೊಂದರಂತೆ, ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯ ಸಹಿ ಇರುವ ಪತ್ರ, ಅವರು ರೈಲು ಹತ್ತುವ ಮುಂಚೆ ಅವರ ಕೈಯಲ್ಲಿರಬೇಕು. ಪತ್ರ ಇಲ್ಲದೆ ಒಡಿಶಾಕ್ಕೋ ಜಾರ್ಖಂಡಿಗೋ ಕಳಿಸಿದರೆ ಅಲ್ಲಿನ ಕಚೇರಿಯಲ್ಲಿ ಅವರು ಬರೀ ಊರಿಗೆ ಬಂದ ಕೂಲಿಗಳು. ಪುನರ್ವಸತಿ ಹಣ ಬರುವುದಿಲ್ಲ, ಹಳೆಯ ಸರ್ದಾರ ಮತ್ತೆ ಬಾಗಿಲಿಗೆ ಬರುತ್ತಾನೆ. ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು 30,000ದವರೆಗೆ ಇದೆ, ಪ್ರಕರಣದ ತೀರ್ಪಿಗೆ ಕಾಯಬೇಕಿಲ್ಲ. ಪೂರ್ಣ ಮೊತ್ತ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಸಾಗಾಟದಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಕೊನೆಯ ಪಾವತಿ ನ್ಯಾಯಾಲಯದ ಪ್ರಕ್ರಿಯೆಗೆ ಅಂಟಿಕೊಂಡಿದೆ, ಅದಕ್ಕೇ ಎಫ್‌ಐಆರ್ ಆಗಲೇಬೇಕು.

ವಕಾಲತ್ತು
ಎಫ್‌ಐಆರ್‌ಗೆ ಒಂದು ಸೇರ್ಪಡೆ. ಜೀತ ಕಾಯ್ದೆಯ 16, 17, 18ನೇ ಸೆಕ್ಷನ್‌ಗಳು ಮಾತ್ರ ಹಾಕಿ ಬಿಟ್ಟರೆ ಪ್ರಕರಣ ತೆಳ್ಳಗಾಗುತ್ತದೆ. ಅವಕ್ಕೆ ಗರಿಷ್ಠ 3 ವರ್ಷ ಜೈಲು, 2,000 ರೂಪಾಯಿ ದಂಡ, ಜಾಮೀನು ಸಿಗುವಂಥವು. ಮೋಸ ಮಾಡಿ, ಬೆದರಿಸಿ ಕರೆತಂದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 143, ಒತ್ತಾಯದ ದುಡಿಮೆಗೆ 146, ಮಗು ಇದ್ದರೆ ಬಾಲನ್ಯಾಯ ಕಾಯ್ದೆಯ 79.

ಅತಿ ಹೆಚ್ಚು ಕಾಣುವ ತಪ್ಪು, ಇಡೀ ವಿಷಯವನ್ನು ಸಂಬಳದ ತಕರಾರು ಎಂದು ಕೂತು ಮಾತಾಡಿ ಮುಗಿಸುವುದು. ಮಾಲಕರು 20,000 ಕೈಗಿಡುತ್ತಾರೆ, ಎಲ್ಲರಿಗೂ ಸಮಾಧಾನ. ಆದರೆ ಜೀತದ ಸಾಲವನ್ನು 6ನೇ ಸೆಕ್ಷನ್ ಆಗಲೇ ಅಳಿಸಿ ಹಾಕಿದೆ, ಅದರಲ್ಲಿ ರಾಜಿ ಮಾಡಲು ಏನೂ ಉಳಿದಿಲ್ಲ. ಅಳಿದ ಸಾಲವನ್ನು ವಸೂಲು ಮಾಡುವುದೇ 9ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲಿನ ಅಪರಾಧ. ಬಾಕಿ ಸಂಬಳವನ್ನು ಕಾರ್ಮಿಕ ಇಲಾಖೆ ಮೂಲಕ ಬೇರೆಯಾಗಿ ಕೇಳಬೇಕು, ಬಿಡುಗಡೆ ಪತ್ರದ ಬದಲಿಗೆ ಅಲ್ಲ. ವಕೀಲರಿಲ್ಲದವರಿಗೆ ಉಚಿತ ಕಾನೂನು ನೆರವಿಗೆ 15100.

ಡ್ರೆಸ್ಸಿಂಗ್_ರೂಮು
ಆಸ್ಪತ್ರೆಯವರನ್ನು ಪಟ್ಟಿಯಲ್ಲಿ ಸೇರಿಸಿಲ್ಲ. ದಯವಿಟ್ಟು ಸೇರಿಸಿ. ಕಲಾಸಿಗಳು ಮಾಲಕರ ಕಣ್ಣಿನಿಂದ ಹದಿನೈದು ನಿಮಿಷ ದೂರ ಇರುವ ಜಾಗ ಎಕ್ಸ್‌ರೇ ಕೋಣೆ. ವಿಂಚಿಗೆ, ಐಸ್ ಕ್ರಷರಿಗೆ ಬೆರಳು ಸಿಕ್ಕಿ ಬರುತ್ತಾರೆ. ಜೊತೆಗೆ ಬಂದವನು ಹೆಸರು, ವಯಸ್ಸು, ಊರು ಎಲ್ಲವನ್ನೂ ತಾನೇ ಹೇಳಿದರೆ, ಗಾಯ ನಾಲ್ಕೈದು ದಿನ ಹಳೆಯದಾಗಿದ್ದರೆ, "ಅಡ್ಮಿಟ್ ಬೇಡ, ಇವತ್ತೇ ಬಿಡಿ" ಎಂದು ಅವಸರ ಮಾಡಿದರೆ ಸಿಸ್ಟರ್‌ಗಳು ಜಾಗೃತರಾಗಬೇಕು. "ಎಕ್ಸ್‌ರೇ ಕೋಣೆಗೆ ಪೇಶೆಂಟ್ ಮಾತ್ರ" ಎಂಬುದು ಹೇಗೂ ಇರುವ ನಿಯಮ, ಅನುಮಾನ ಬರುವುದಿಲ್ಲ. ಅಲ್ಲಿ ಎರಡು ಪ್ರಶ್ನೆ ಸಾಕು: ಬಿಲ್ಲು ಯಾರ ಲೆಕ್ಕಕ್ಕೆ? ಕೈ ವಾಸಿ ಆಗುವವರೆಗೆ ಎಲ್ಲಿರ್ತೀರಿ?

ಅವನು ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಅವನದ್ದೇ ಮಾತಿನಲ್ಲಿ ಬರೆಯಿರಿ. "ಕೆಲಸದ ವೇಳೆ ಗಾಯ" ಎಂದು ಚುಟುಕಾಗಿ ಬರೆದರೆ ಆರು ತಿಂಗಳ ಮೇಲೆ ಆ ಕಾಗದಕ್ಕೆ ಬೆಲೆ ಇಲ್ಲ. "ವಿಂಚ್ ಬ್ರೇಕ್ ಹಾಳಾಗಿತ್ತು, ಐದು ದಿನ ದಡಕ್ಕೆ ಬಿಡಲಿಲ್ಲ ಎನ್ನುತ್ತಾನೆ" ಎಂದು ಬರೆದರೆ ಅದೇ ಸಾಕ್ಷಿ. ಮೆಡಿಕೊ ಲೀಗಲ್ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಎಂದು ದಾಖಲಿಸುವುದನ್ನು ಬಿಡಬೇಡಿ.

ಇಂದ್ರಾಳಿ_ಪ್ಲಾಟ್‌ಫಾರ್ಮ್
ರೈಲು ನಿಲ್ದಾಣದ ಪೋರ್ಟರ್‌ಗಳು, ಪ್ರೀಪೇಯ್ಡ್ ರಿಕ್ಷಾದವರಿಗೂ ಇದು ಬೇಕು. ಹದಿಹರೆಯದ ಏಳೆಂಟು ಹುಡುಗರು, ಒಬ್ಬನ ಕೈಯಲ್ಲಿ ಎಲ್ಲರ ಟಿಕೆಟ್, ಎಲ್ಲ ಆಧಾರಿನಲ್ಲೂ ಜನವರಿ 1 ಹುಟ್ಟಿದ ದಿನ, ಎಲ್ಲಿಗೆ ಹೋಗುವುದೆಂದು ಹುಡುಗರಿಗೆ ಗೊತ್ತಿಲ್ಲ. ಜನವರಿ 1 ಎಂದ ಮಾತ್ರಕ್ಕೆ ಮೋಸ ಅಲ್ಲ, ಹಳ್ಳಿ ಕಡೆ ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಹಾಗೆ ಬರೆಸುವುದು ರೂಢಿ. ಉಳಿದದ್ದರ ಜೊತೆ ಸೇರಿದಾಗ ಮಾತ್ರ ರೈಲ್ವೆ ಪೊಲೀಸರಿಗೋ 139ಕ್ಕೋ ತಿಳಿಸಿ. ರೈಲು ಸಂಖ್ಯೆ, ಬೋಗಿ, ಅಂಗಿ ಬಣ್ಣ ಹೇಳಿ. ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಲೇಬೇಡಿ. ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ರಡಿ ಅಪರಾಧ, ಮೇಲಾಗಿ ಆ ಗುಂಪಿನಲ್ಲಿ ಮಾಲಕರ ಭಾವನೂ ಇರುತ್ತಾನೆ.

ಬಜಪೆ_ಅಕ್ಕ
ಗಲ್ಫಿಗೆ ಹೋಗುವವರ ವಿಷಯ ಸೇರಿಸುವುದಿಲ್ವಾ?

ಬಂದರು_ತರಬೇತಿ
ಅಕ್ಕಾ, ಅದಕ್ಕೆ ಬೇರೆಯೇ ದಿನ ಬೇಕು. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಕಳಿಸುವುದು, ವಿದೇಶಿ ಕೆಲಸದ ಸರ್ಕಾರಿ ಜಾಲತಾಣ ಇ-ಮೈಗ್ರೇಟ್‌ನಲ್ಲಿ ಏಜೆಂಟರ ನೋಂದಣಿ ನೋಡುವುದು, ಸೇವಾಶುಲ್ಕದ ಮಿತಿ 30,000 ಮತ್ತು ಅದರ ಮೇಲಿನ ಜಿಎಸ್‌ಟಿ, ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಕಫೀಲ (ಅಲ್ಲಿನ ಮಾಲಕ) ಅದನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು, ಕಂಪ್ಯೂಟರ್ ಕೆಲಸ ಎಂದು ಹೇಳಿ ಮ್ಯಾನ್ಮಾರ್, ಕಾಂಬೋಡಿಯಾಕ್ಕೆ ಸಾಗಿಸುವುದು. ಬಂದರಿನ ಹಾಳೆಯಲ್ಲಿ ಇದನ್ನು ತುರುಕಿದರೆ ಎರಡೂ ಅರೆಬರೆ ಆಗ್ತದೆ.

ಇಲ್ಲಿಯವರೆಗೆ ಬಂದದ್ದನ್ನು ನೋಡಿ ಕರಡು ಬದಲಿಸಿದೆ. ಮೂರೂವರೆ ಗಂಟೆ. ಲೆಕ್ಕದ ಹಾಳೆ 50 ನಿಮಿಷ, ಮುಂಗಡ ಮತ್ತು ಜೀತದ ವ್ಯತ್ಯಾಸ 30, ಚಹಾ 15, ಮಾತಾಡಿಸುವ ಅಭ್ಯಾಸ 45, ಅರ್ಜಿ ಬರೆಯುವ ಅಭ್ಯಾಸ 50, ಆರು ಸನ್ನಿವೇಶಗಳ ಪರೀಕ್ಷೆ 20. ಮಾತಾಡಿಸುವ ಅಭ್ಯಾಸ ಹೇಗೆ ಮಾಡಿಸುವುದು?

ಲೆಕ್ಕದ_ಚೀಟಿ
ಮೂವರ ತಂಡ ಮಾಡಿ. ಒಬ್ಬ ಕಲಾಸಿ, ಒಬ್ಬ ಅಂಗಡಿಯವನು, ಮೂರನೆಯವನು ಮೇಸ್ತ್ರಿ. ಮೇಸ್ತ್ರಿ ಪಕ್ಕದಲ್ಲೇ ನಿಂತು ಪ್ರತಿ ಪ್ರಶ್ನೆಗೂ ತಾನೇ ಉತ್ತರಿಸಬೇಕು. ಅಂಗಡಿಯವನಿಗೆ ಐದು ನಿಮಿಷ. ಹೆಚ್ಚಿನವರು ಮೊದಲ ಸಲ "ನಿಮಗೆ ಸಂಬಳ ಕೊಡ್ತಾರಾ?" ಎಂದು ನೇರ ಕೇಳುತ್ತಾರೆ, ಕಲಾಸಿ ಮೇಸ್ತ್ರಿಯ ಮುಖ ನೋಡಿ "ಕೊಡ್ತಾರೆ" ಎನ್ನುತ್ತಾನೆ, ಅಲ್ಲಿಗೆ ಮಾತು ಮುಗಿಯಿತು. ಎರಡನೇ ಸಲಕ್ಕೆ ಕಲಿಯಬೇಕಾದ್ದು ಎರಡು. ಮೇಸ್ತ್ರಿ ಇದ್ದಾಗ ಬರೀ ಸಾಬೂನಿನ ಮಾತು, ಬೇರೇನೂ ಕೇಳಬಾರದು. ಅವನು ಒಬ್ಬನೇ ಬಂದ ದಿನ, ಅವನ ಬಗ್ಗೆ ಅಲ್ಲ, ಬೇರೆಯವರ ಬಗ್ಗೆ ಕೇಳಬೇಕು: "ಹೋದ ಸಲ ನಿಮ್ಮ ಜೊತೆ ಇದ್ದ ಹುಡುಗ ಕಾಣುದಿಲ್ಲ, ಊರಿಗೆ ಹೋದನಾ?" ಬಿಟ್ಟು ಹೋದವನಿಗೆ ಏನಾಯಿತು ಎಂಬುದನ್ನು ಜನ ಹೇಳುತ್ತಾರೆ. ತನಗೇನಾಗುತ್ತಿದೆ ಎಂಬುದನ್ನು ಮೊದಲ ದಿನ ಯಾರೂ ಹೇಳುವುದಿಲ್ಲ. ಅದಾದ ಮೇಲೆ "ಲೆಕ್ಕ ಯಾರು ಬರೀತಾರೆ, ನಿಮಗೆ ತೋರಿಸ್ತಾರಾ?" ಅಷ್ಟು ಸಾಕು. ನಾವು ಬಿಡಿಸ್ತೇವೆ ಎಂದು ಮಾತು ಕೊಡಬಾರದು. ಕೊಟ್ಟ ಮಾತು ಎರಡು ದಿನದಲ್ಲಿ ಈಡೇರದಿದ್ದರೆ ಅವನು ಮತ್ತೆ ಯಾರನ್ನೂ ನಂಬುವುದಿಲ್ಲ.

ಭಾಷೆಗೆ ಮೇಸ್ತ್ರಿಯನ್ನಾಗಲಿ ಅದೇ ಬೋಟಿನ "ಕನ್ನಡ ಬರುವವನನ್ನಾಗಲಿ" ಬಳಸಬಾರದು. ಕನ್ನಡ ಕಲಿತವನೇ ಎಷ್ಟೋ ಸಲ ಸರ್ದಾರನ ಕಡೆಯವನು. ಒಡಿಯಾ, ಬಂಗಾಳಿ, ಹಿಂದಿ, ತೆಲುಗು ಬಲ್ಲ ನಾಲ್ಕು ಜನರನ್ನು ಊರಿನಲ್ಲೇ ಮೊದಲೇ ಹುಡುಕಿ ಇಡಿ, ಫೋನಿನಲ್ಲಿ ಅನುವಾದ ಮಾಡಿದರೂ ಆಗುತ್ತದೆ.

ತಹಶೀಲ್_ಕಡತ
ಪರೀಕ್ಷೆಯ ಆರು ಸನ್ನಿವೇಶಗಳಲ್ಲಿ ಎರಡಾದರೂ ಜೀತ ಅಲ್ಲದವು ಇರಲಿ. ಸಂಬಳ ತಡವಾಗಿ ಕೊಡುವ ಮಾಲಕ, ಮುಂಗಡ ಇದ್ದರೂ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದಾದ ಬೋಟು. ಎಲ್ಲಕ್ಕೂ ಜೀತ ಎಂದು ಬರೆದವರಿಗೆ ಅಂಕ ಕಡಿಮೆ ಆಗಬೇಕು. ಸುಳ್ಳು ಅರ್ಜಿ ಎರಡು ಹೋದರೆ ಮೂರನೆಯ ನಿಜವಾದದ್ದನ್ನು ಕಚೇರಿಯಲ್ಲಿ ಯಾರೂ ಓದುವುದಿಲ್ಲ.

ಗಂಗೊಳ್ಳಿ_ಬೋಟು
ಮಾಲಕರಿಗೂ ಒಂದು ಬ್ಯಾಚ್ ಮಾಡಿ. ಲೆಕ್ಕದ ಪುಸ್ತಕ ಎರಡು ಪ್ರತಿ ಇಟ್ಟು ಒಂದನ್ನು ಕಲಾಸಿಯ ಕೈಗೆ ಕೊಡುವುದು, ಸಂಬಳ ಬ್ಯಾಂಕ್ ಖಾತೆಗೆ ಹಾಕುವುದು, ಆಸ್ಪತ್ರೆ ಖರ್ಚು ಅವನ ಹೆಸರಿಗೆ ಬರೆಯದೆ ಇರುವುದು, ಇಷ್ಟಕ್ಕೆ ಒಪ್ಪುವವರು ನಮ್ಮಲ್ಲಿ ಇದ್ದಾರೆ. ಆಗಸ್ಟಿಗೆ ಮುಂಚೆ ಮಾಡಬೇಕು, ಬೋಟು ಇಳಿದ ಮೇಲೆ ಯಾರೂ ಸಿಗುವುದಿಲ್ಲ.

ಬಂದರು_ತರಬೇತಿ
ಆಯ್ತು ಅಣ್ಣ, ಮಾಲಕರ ಬ್ಯಾಚ್ ಜುಲೈ ಎರಡನೇ ವಾರ, ಬಂದರಿನವರದ್ದು ಮೂರನೇ ವಾರ. ಕಲಾಸಿಗಳಿಗೆ ಈಗ ಮಾಡಿ ಪ್ರಯೋಜನ ಇಲ್ಲ, ಎಲ್ಲರೂ ಊರಲ್ಲಿದ್ದಾರೆ. ಅವರು ಆಗಸ್ಟಿನಲ್ಲಿ ಬಂದ ಮೇಲೆ, ಗಾಳಿಮಳೆಗೆ ಬೋಟುಗಳು ದಕ್ಕೆಯಲ್ಲೇ ನಿಂತ ದಿನ ನೋಡಿ, ಒಡಿಯಾ ಮತ್ತು ಹಿಂದಿಯಲ್ಲಿ ಒಂದು ನಿಮಿಷದ ಧ್ವನಿಮುದ್ರಣ ಕೇಳಿಸುವುದು. ಒಡಿಯಾ ಸ್ಪಷ್ಟವಾಗಿ ಮಾತಾಡುವ ಹೆಂಗಸಿನ ಧ್ವನಿ ಒಂದು ಬೇಕು. ಯಾರಾದರೂ ಗೊತ್ತಿದ್ದರೆ ಇಲ್ಲಿ ಹೆಸರು ಹಾಕದೆ ನನಗೆ ಖಾಸಗಿಯಾಗಿ ಬರೆಯಿರಿ.